ಮನೆಯಲ್ಲೇ ಕೂತು ದಿನಕ್ಕೆ ಎರಡು ಸಾವಿರ...

"ಲೋ, ಇದು ನಿಜಾನಾ ನೋಡಿ ಹೇಳೋ. ನೀನು ಕಂಪ್ಯೂಟರ್ ಓದ್ದೋನಲ್ವಾ..."

ಹೀಗಂತ ಬರೆದು ಅಕ್ಕ ವಾಟ್ಸಾಪಿನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದು ಒಂದು ಮಂಗಳವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ. ಅಕ್ಕ ಅಂದರೆ ದೊಡ್ಡಮ್ಮನ ಮಗಳು. ತಿಪಟೂರಿನಲ್ಲಿದ್ದಾಳೆ. ಭಾವ ಅಲ್ಲೇ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಸ್ಕ್ರೀನ್‌ಶಾಟಿನಲ್ಲಿ ಇದ್ದದ್ದು ಇಷ್ಟು: "ಗೃಹಿಣಿಯರಿಗೆ ಸುವರ್ಣಾವಕಾಶ! ಮನೆಯಲ್ಲೇ ಕೂತು ದಿನಕ್ಕೆ 2000 ರೂಪಾಯಿ ಗಳಿಸಿ. ಯಾವ ಅನುಭವವೂ ಬೇಡ. ಮೊಬೈಲ್ ಇದ್ದರೆ ಸಾಕು."

ನಾನು ಆಗ ಮೀಟಿಂಗಿನಲ್ಲಿದ್ದೆ. ಆವತ್ತು ರಿಲೀಸ್ ಬೇರೆ ಇತ್ತು. ರಾತ್ರಿ ಹತ್ತೂವರೆಗೆ ಮೆಸೇಜ್ ನೋಡಿ, "ನಾಳೆ ನೋಡ್ತೀನಿ ಅಕ್ಕ" ಅಂತ ಟೈಪಿಸಿ ಮಲಗಿದೆ. ನಾಳೆ ಮರೆತೆ. ನಾಳಿದ್ದೂ ಮರೆತೆ. ಶುಕ್ರವಾರ ಅವಳದ್ದೇ ಫೋನು ಬಂತು. ಎತ್ತಿದರೆ ಮಾತಿಲ್ಲ. ಬರೀ ಅಳು.

ಆ ಮೂರು ದಿನದಲ್ಲಿ ನಡೆದದ್ದನ್ನು ಬಿಡಿಸಿ ಹೇಳುತ್ತೇನೆ. ಇದು ಅವಳೊಬ್ಬಳ ಕಥೆಯಲ್ಲ. ನಿಮ್ಮ ಮನೆಯಲ್ಲೂ ಯಾರಿಗೋ ಇಂಥದ್ದೇ ಮೆಸೇಜು ಬಂದಿರುತ್ತದೆ.

ಮಂಗಳವಾರ ಸಂಜೆ ಅವಳನ್ನು ಒಂದು ಟೆಲಿಗ್ರಾಂ ಗುಂಪಿಗೆ ಸೇರಿಸಿದರು. ಕೆಲಸ ಏನಪ್ಪಾ ಅಂದರೆ, ಅವರು ಕಳಿಸುವ ಹೋಟೆಲುಗಳಿಗೆ ಐದು ನಕ್ಷತ್ರ ಒತ್ತುವುದು. ಮೂರು ಹೋಟೆಲಿಗೆ ಒತ್ತಿದಳು, 150 ರೂಪಾಯಿ ನಿಜವಾಗಿಯೂ ಖಾತೆಗೆ ಬಂತು! ಬುಧವಾರ, "ಇದು ಪ್ರೀಪೇಯ್ಡ್ ಟಾಸ್ಕ್, ಸಾವಿರ ಹಾಕಿದರೆ ಸಾವಿರದ ಮುನ್ನೂರು" ಅಂದರು. ಹಾಕಿದಳು, ಬಂತು. ಗುಂಪಿನಲ್ಲಿದ್ದ ಇತರರು ತಮಗೆ ನಲವತ್ತು ಸಾವಿರ ಬಂತು, ಐವತ್ತು ಸಾವಿರ ಬಂತು ಅಂತ ಫೋಟೋ ಹಾಕುತ್ತಲೇ ಇದ್ದರಂತೆ. ಆ ಇತರರೆಲ್ಲ ಅವರ ಕಡೆಯವರೇ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಗುರುವಾರ ಐದು ಸಾವಿರ ಹಾಕಿದಳು. "ನೀವು ಟಾಸ್ಕ್ ತಪ್ಪು ಮಾಡಿದ್ದೀರಿ, ನಿಮ್ಮಿಂದ ಗುಂಪಿನ ಎಲ್ಲರ ಹಣ ಸಿಕ್ಕಿಕೊಂಡಿದೆ, ಸರಿಪಡಿಸಲು ಹದಿಮೂರು ಸಾವಿರ ಹಾಕಿ" ಅಂದರು. ತನ್ನಿಂದ ಬೇರೆಯವರಿಗೆ ತೊಂದರೆ ಆಯಿತಲ್ಲ ಅಂತ ಅದನ್ನೂ ಹಾಕಿದಳು. ಶುಕ್ರವಾರ ಇನ್ನೂ ಇಪ್ಪತ್ತು ಸಾವಿರ ಕೇಳಿದಾಗ ಕೈಯಲ್ಲಿ ದುಡ್ಡಿರಲಿಲ್ಲ, ನನಗೆ ಫೋನ್ ಮಾಡಿದಳು. ಒಟ್ಟು ಹೋದದ್ದು ಹತ್ತೊಂಬತ್ತು ಸಾವಿರ, ಬಂದದ್ದು 1450. ನಿವ್ವಳ ನಷ್ಟ 17,550 ರೂಪಾಯಿ. ಮಗಳ ಪಿಯುಸಿ ಫೀಸಿಗೆ ಅಂತ ಚೀಟಿ ಎತ್ತಿ ಇಟ್ಟಿದ್ದ ದುಡ್ಡು ಅದು.

ಮಂಗಳವಾರ ನಾನು "ಸುಳ್ಳು" ಅಂತ ಒಂದೇ ಒಂದು ಪದ ಟೈಪಿಸಿದ್ದರೆ ಸಾಕಿತ್ತು. ಈ ಪಾಪಪ್ರಜ್ಞೆ ಇದೆಯಲ್ಲ, ಅದೇ ಇದನ್ನು ಬರೆಸುತ್ತಿರುವುದು.

ತಕ್ಷಣ ಮಾಡಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ಹೀಗೆ ಹಣ ಕಳಕೊಂಡರೆ 1930ಕ್ಕೆ ಫೋನ್ ಮಾಡಬೇಕು, ಇಲ್ಲವೇ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲಿನಲ್ಲಿ ದೂರು ಬರೆಯಬೇಕು. 2021ರಲ್ಲಿ ಶುರುವಾದ ವ್ಯವಸ್ಥೆ ಇದು. ದೂರು ಸಂಬಂಧಪಟ್ಟ ಬ್ಯಾಂಕುಗಳಿಗೆ ಹೋಗಿ, ಹಣ ಇನ್ನೂ ಆ ಖಾತೆಯಲ್ಲೇ ಇದ್ದರೆ ಅಲ್ಲೇ ತಡೆಹಿಡಿಯುತ್ತಾರೆ. ಆದರೆ ಕಳ್ಳರೇನು ಹಣವನ್ನು ಒಂದೇ ಖಾತೆಯಲ್ಲಿ ಇಟ್ಟುಕೊಂಡು ಕೂರುತ್ತಾರಾ? ಸ್ವಲ್ಪ ಹೊತ್ತಿನಲ್ಲೇ ಖಾತೆಯಿಂದ ಖಾತೆಗೆ ದಾಟಿಸಿಬಿಡುತ್ತಾರೆ. ಹಾಗಾಗಿ ನಾಚಿಕೆ, ಭಯ ಎಲ್ಲ ಬದಿಗಿಟ್ಟು ಮೊದಲು ಫೋನ್ ಮಾಡಬೇಕು. ಅಕ್ಕ ಒಂದು ಹಗಲು ಒಂದು ರಾತ್ರಿ ಯಾರಿಗೂ ಹೇಳದೆ ಕೂತಿದ್ದಳು. ಭಾವನಿಗೆ ಗೊತ್ತಾದರೆ ಏನನ್ನುತ್ತಾರೋ ಅಂತ. ದೂರೇನೋ ಕೊಟ್ಟಾಯಿತು, ನಂಬರೂ ಸಿಕ್ಕಿತು. ದುಡ್ಡು ಇನ್ನೂ ಸಿಕ್ಕಿಲ್ಲ.

ಶನಿವಾರ ನಾನೇ ತಿಪಟೂರಿಗೆ ಹೋದೆ. ಭಾವ ಒಳ್ಳೆಯವರು, ಜಗಳವಾಡಲಿಲ್ಲ. "ಹೋಗ್ಲಿ ಬಿಡು, ನಮ್ಮ ದುಡ್ಡಲ್ಲ ಅಂದ್ಕೊಳ್ಳೋಣ" ಅಂದರು. ಆಮೇಲೆ ನನ್ನ ಕಡೆ ತಿರುಗಿ ಒಂದು ಮಾತು ಹೇಳಿದರು. "ನೋಡಪ್ಪ, ಸುಮ್ನೆ ಮನೇಲಿ ಇದ್ದಿದ್ರೆ ಇದೆಲ್ಲ ಆಗ್ತಿತ್ತಾ?"

ಸುಮ್ನೆ ಮನೇಲಿ! ಅಕ್ಕ ಅಡಿಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಳು. ಹಾಲಿನ ಮೂಲೆಯಲ್ಲಿ ಅವಳ ಹೊಲಿಗೆ ಮಿಷನ್ನು. ಅದರ ಮೇಲೆ ಪಕ್ಕದ ಮನೆಯವರ ಎರಡು ಸೀರೆ ಕುಚ್ಚು ಹಾಕಿಸಿಕೊಳ್ಳಲು ಕಾಯುತ್ತಿದ್ದವು. ದುಡ್ಡಿಗಲ್ಲ, ಹಾಗೇ. "ಪಕ್ಕದ್ಮನೆಯೋರ್ಹತ್ರ ಏನು ದುಡ್ಡು ಕೇಳೋದು" ಅಂತ. ಆಗ ನನಗೆ ತಟ್ಟನೆ ನೆನಪಾದದ್ದು 2023ರಲ್ಲಿ ನಡೆದ ನನ್ನ ತಂಗಿಯ ಮದುವೆ. ಆ ಮದುವೆಗೆ ಹನ್ನೊಂದು ಸೀರೆಗಳಿಗೆ ಕುಚ್ಚು ಹಾಕಿಕೊಟ್ಟವಳು ಇದೇ ಅಕ್ಕ. ರಾತ್ರಿ ಎಲ್ಲರೂ ಮಲಗಿದ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಕೂತು ಹಾಕಿದ್ದಳು. ಬಂದವರೆಲ್ಲ ಸೆರಗು ಹಿಡಿದು ನೋಡಿ "ಎಲ್ಲಿ ಮಾಡಿಸಿದ್ರಿ?" ಅಂತ ಕೇಳಿದ್ದೇ ಕೇಳಿದ್ದು. ನಾವು ಅವಳಿಗೆ ಕೊಟ್ಟದ್ದೇನು ಗೊತ್ತಾ? ಅರಿಶಿನ ಕುಂಕುಮ, ಒಂದು ಬ್ಲೌಸ್ ಪೀಸು.

ಅದೇ ಮದುವೆಯಲ್ಲಿ ಫೋಟೋಗ್ರಾಫರ್ ನಮಗೆ ಪರಿಚಯದವನೇ. ಅವನಿಗೆ ಅಡ್ವಾನ್ಸ್ ಕೊಟ್ಟಿದ್ದೆವು. ಅಡಿಗೆಭಟ್ಟರು ದೂರದ ಸಂಬಂಧ, ಅವರಿಗೂ ಲೆಕ್ಕ ಚುಕ್ತಾ. ಅಕ್ಕನದ್ದು ಮಾತ್ರ "ಮನೆಯವಳು ಮಾಡಿಕೊಟ್ಟಳು".

ಆವತ್ತು ನನಗೆ ಅನ್ನಿಸಿದ್ದು ಇದು, ಈ ಇಡೀ ಬರಹದಲ್ಲಿ ನಾನು ಹೇಳಬೇಕೆಂದಿರುವುದೂ ಇಷ್ಟೇ: ಅಕ್ಕನನ್ನು ಮೋಸ ಮಾಡಿದವರು ಟೆಲಿಗ್ರಾಂನವರು ನಿಜ. ಆದರೆ ಅವಳನ್ನು ಅಲ್ಲಿಯವರೆಗೆ ಕಳಿಸಿದವರು ನಾವು. ಕೈಯಲ್ಲಿ ಇಷ್ಟು ಒಳ್ಳೆಯ ಕೆಲಸ ಇಟ್ಟುಕೊಂಡವಳಿಗೆ "ಇದೂ ಒಂದು ಕೆಲಸ, ಇದಕ್ಕೂ ಬೆಲೆ ಇದೆ" ಅಂತ ನಾವು ಒಬ್ಬರೂ ಹೇಳಲಿಲ್ಲ. ಹಾಗಾಗಿ ಅವಳು "ನಿಜವಾದ ಕೆಲಸ" ಹುಡುಕಿಕೊಂಡು ಮೊಬೈಲಿನೊಳಗೆ ಹೋದಳು. ಕುಚ್ಚು ಹಾಕುವ ಕೈ ನಕ್ಷತ್ರ ಒತ್ತಲು ಹೋಯಿತು.

ಇರಲಿ, ಅಳುತ್ತಾ ಕೂರುವುದರಿಂದ ಉಪಯೋಗವಿಲ್ಲ. ಮನೆಯಲ್ಲಿ ಕೂತು ಮಾಡುವ ಕೆಲಸ ಅಸಲಿಯೋ ನಕಲಿಯೋ ಅಂತ ಪತ್ತೆ ಮಾಡುವುದು ಹೇಗೆ? ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ಆದರೂ ನನಗೆ ಉತ್ತರ ಸಿಕ್ಕಿದ್ದು ಇಂಜಿನಿಯರಿಂಗ್ ಓದುವಾಗ ಕಂಡದ್ದರಿಂದಲೇ.

ನಾನು ಓದಿದ್ದು ಮಂಗಳೂರು ಕಡೆ. ನಾವು ರೂಮು ಮಾಡಿಕೊಂಡಿದ್ದ ಮನೆಯ ಪಕ್ಕದಲ್ಲಿ ಒಬ್ಬರು ವಯಸ್ಸಾದ ಹೆಂಗಸು ಬೀಡಿ ಕಟ್ಟುತ್ತಿದ್ದರು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಟಿವಿ ನೋಡುತ್ತಲೇ, ಕೈಯನ್ನು ಒಮ್ಮೆಯೂ ನೋಡದೆ! ಅವರು ಬ್ರಾಂಚಿಗೆ ಹೋಗಿ ಎಲೆ, ಹೊಗೆಸೊಪ್ಪು ತರುತ್ತಿದ್ದರು. ಕಟ್ಟಿದ ಬೀಡಿಯನ್ನು ಅಲ್ಲಿಗೇ ಕೊಡುತ್ತಿದ್ದರು. ಸಾವಿರಕ್ಕೆ ಇಷ್ಟು ಅಂತ ಲೆಕ್ಕ. ಅದು ಕಡಿಮೆ ಮಜೂರಿಯ, ಎದೆ ಕೆಡಿಸುವ ಕೆಲಸ. ಅದನ್ನು ಹೊಗಳುತ್ತಿಲ್ಲ. ಆದರೆ ಒಂದು ವಿಷಯ ಗಮನಿಸಿ. ಮಾಲು ಕೊಡುವವನು ಅವರು. ಮಾಡಿ ಕೊಡುವವರು ಇವರು. ದುಡ್ಡು ಬರುವುದು ಅವರಿಂದ ಇವರಿಗೆ. "ಬೀಡಿ ಕಟ್ಟಬೇಕಾದರೆ ಮೊದಲು ನೋಂದಣಿ ಶುಲ್ಕ ಕಟ್ಟಿ" ಅಂತ ಕೇಳಿದವರನ್ನು ನಾನು ಕಾಣೆ. 1966ರ ಬೀಡಿ ಕಾರ್ಮಿಕರ ಕಾಯ್ದೆಯಂತೂ ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರು ಅಂತಲೇ ಲೆಕ್ಕಕ್ಕೆ ತೆಗೆದುಕೊಂಡಿತು.

ಲಿಜ್ಜತ್ ಹಪ್ಪಳದ ಕಥೆ ನಿಮಗೆ ಗೊತ್ತೇ ಇರುತ್ತದೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವಿನಲ್ಲಿ ಏಳು ಜನ ಹೆಂಗಸರು ಎಂಬತ್ತು ರೂಪಾಯಿ ಸಾಲ ತಂದು ಮಹಡಿಯ ಮೇಲೆ ಹಪ್ಪಳ ಒತ್ತಿದರು. ಆ ಏಳು ಜನರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಅಲ್ಲೂ ಕ್ರಮ ಅದೇ. ಕಲಸಿದ ಹಿಟ್ಟನ್ನು ಮನೆಗೆ ಒಯ್ಯುತ್ತಾರೆ, ಒತ್ತಿ ಒಣಗಿಸಿದ ಹಪ್ಪಳ ತಂದುಕೊಡುತ್ತಾರೆ, ಮಜೂರಿ ಪಡೆಯುತ್ತಾರೆ.

ನನ್ನದೇ ಕೆಲಸ ತಗೊಳ್ಳಿ. 2020ರಲ್ಲಿ ಲಾಕ್‌ಡೌನ್ ಆದಾಗ ಲ್ಯಾಪ್‌ಟಾಪನ್ನು ಕಂಪನಿಯೇ ಮನೆಗೆ ಕಳಿಸಿತು. "ಮೊದಲು ಐದು ಸಾವಿರ ಹಾಕಿ, ಆಮೇಲೆ ಸಂಬಳ" ಅನ್ನಲಿಲ್ಲ. ಅಂದಿದ್ದರೆ ನಾನು ನಗುತ್ತಿದ್ದೆ. ಬೀಡಿ ಬ್ರಾಂಚಿಗೂ ಸಾಫ್ಟ್‌ವೇರ್ ಕಂಪನಿಗೂ ಇಷ್ಟು ಸಾಮ್ಯ ಇದೆ ನೋಡಿ.

ಆದ್ದರಿಂದ ಮೊದಲ ಪರೀಕ್ಷೆ: ದುಡ್ಡು ಯಾವ ದಿಕ್ಕಿಗೆ ಹೋಗುತ್ತಿದೆ? ಕೆಲಸ ಕೊಡುವವನ ಕಡೆಗೆ ಹೋಗುತ್ತಿದ್ದರೆ ಅದು ಕೆಲಸವಲ್ಲ. ನೋಂದಣಿ ಅನ್ನಲಿ, ಡೆಪಾಸಿಟ್ ಅನ್ನಲಿ, ಟ್ರೈನಿಂಗ್ ಕಿಟ್ ಅನ್ನಲಿ, ತೆರಿಗೆ ಅನ್ನಲಿ, ಹೆಸರು ಯಾವುದಾದರೂ ಸರಿ. "ನಮ್ಮ ಕರ್ಪೂರದ ಮಿಷನ್ ಕೊಂಡುಕೊಳ್ಳಿ, ನೀವು ಮಾಡಿದ ಮಾಲನ್ನೆಲ್ಲ ನಾವೇ ವಾಪಸ್ ಕೊಳ್ಳುತ್ತೇವೆ" ಅನ್ನುವವರೂ ಇದ್ದಾರೆ. ಮಿಷನ್ ಬಂದ ಮೇಲೆ ಮಾಲು ಸರಿಯಿಲ್ಲ ಅನ್ನುತ್ತಾರೆ, ಇಲ್ಲವೇ ಫೋನೇ ಎತ್ತುವುದಿಲ್ಲ. ಅವರ ವ್ಯಾಪಾರ ಕರ್ಪೂರದ್ದಲ್ಲ, ಮಿಷನ್ನಿನದ್ದು.

ಎರಡನೇ ಪರೀಕ್ಷೆ: ನಾನು ಮಾಡಿಕೊಟ್ಟದ್ದು ಯಾರಿಗೆ ಬೇಕಾಗಿದೆ? ಕುಚ್ಚು ಹಾಕಿದರೆ ಸೀರೆ ಉಡುವವರಿಗೆ ಬೇಕು. ಹಪ್ಪಳ ಊಟಕ್ಕೆ ಬೇಕು. ತಿಪಟೂರಿನಲ್ಲಿ ಕೂತವಳು ತಾನು ನೋಡೇ ಇರದ ಊರಿನ ಹೋಟೆಲಿಗೆ ಐದು ನಕ್ಷತ್ರ ಒತ್ತಿದರೆ ಯಾರಿಗೇನು ಲಾಭ? ಆ ಕೆಲಸದಿಂದ ಯಾರ ಅಗತ್ಯ ಪೂರೈಸುತ್ತದೆ ಅಂತ ಬೆರಳಿಟ್ಟು ತೋರಿಸಲು ಆಗದಿದ್ದರೆ, ಅಲ್ಲಿ ಮಾರಾಟಕ್ಕಿರುವ ಮಾಲು ನಾವೇ.

ಮೂರನೇ ಪರೀಕ್ಷೆ: ಏನೂ ಬಾರದವರಿಗೂ ಇಷ್ಟೇ ಕೊಡುತ್ತಾರಾ? "ಯಾವ ಅನುಭವವೂ ಬೇಡ, ದಿನಕ್ಕೆ ಎರಡು ಸಾವಿರ" ಅಂದರೆ ಸಂಬಳ ಜಾಸ್ತಿಯಾಯಿತು ಅಂತ ಖುಷಿಪಡಬಾರದು, ಹೆದರಬೇಕು. ಗಾರೆ ಕೆಲಸದವನು ಬಿಸಿಲಿನಲ್ಲಿ ದಿನವಿಡೀ ದುಡಿದರೂ ಅಷ್ಟು ಸಿಗುವುದು ಕಷ್ಟ. ಬೆರಳು ಒತ್ತಿದ್ದಕ್ಕೆ ಯಾರು ಕೊಡುತ್ತಾರೆ?

ಇನ್ನೆರಡು ಅಪಾಯಗಳನ್ನೂ ಹೇಳಿಬಿಡುತ್ತೇನೆ. ಒಂದು, ಡೇಟಾ ಎಂಟ್ರಿ ಮೋಸ. ಇದರಲ್ಲಿ ಮೊದಲು ದುಡ್ಡು ಕೇಳುವುದಿಲ್ಲ, ಹಾಗಾಗಿ ನಂಬಿಕೆ ಬರುತ್ತದೆ. ಆನ್‌ಲೈನಿನಲ್ಲಿ ಒಂದು ಕರಾರಿಗೆ ಸಹಿ ಹಾಕಿಸಿಕೊಂಡು, ಕಣ್ಣಿಗೆ ಕಾಣದಂಥ ಫಾರಂಗಳನ್ನು ಕೆಲವೇ ದಿನಗಳಲ್ಲಿ ತುಂಬಲು ಕೊಡುತ್ತಾರೆ. ತುಂಬಿದ ಮೇಲೆ "ತಪ್ಪುಗಳು ಜಾಸ್ತಿ, ಕರಾರು ಮುರಿದಿದ್ದೀರಿ, ದಂಡ ಕಟ್ಟಿ, ಇಲ್ಲದಿದ್ದರೆ ಕೋರ್ಟು, ಪೊಲೀಸು" ಅಂತ ವಕೀಲರ ಹೆಸರಿನಲ್ಲಿ ನೋಟಿಸು ಬರುತ್ತದೆ. ಹೆದರಿದವರು ಕಟ್ಟುತ್ತಾರೆ. ಟೈಪಿಂಗ್ ತಪ್ಪಿಗೆ ಯಾರನ್ನೂ ಜೈಲಿಗೆ ಹಾಕುವುದಿಲ್ಲ ಮಾರಾಯ್ರೇ. ಒಂದು ಪೈಸೆಯನ್ನೂ ಕೊಡಬೇಡಿ, ಆ ನೋಟಿಸನ್ನೇ ಹಿಡಿದುಕೊಂಡು ದೂರು ಕೊಡಿ.

ಎರಡನೆಯದು ಇನ್ನೂ ಕೆಟ್ಟದ್ದು. "ನಿಮ್ಮ ಖಾತೆಗೆ ಹಣ ಬರುತ್ತೆ, ನಿಮ್ಮ ಕಮಿಷನ್ ಇಟ್ಟುಕೊಂಡು ಉಳಿದದ್ದನ್ನು ಕಳಿಸಿ, ಅಷ್ಟೇ ಕೆಲಸ" ಅನ್ನುತ್ತಾರೆ. ಹಾಗೆ ಬರುವ ಹಣ ನಮ್ಮ ಅಕ್ಕನಂಥವರದ್ದು. ಖಾತೆ ಬಾಡಿಗೆಗೆ ಕೊಟ್ಟವರ ಬಾಗಿಲಿಗೇ ಪೊಲೀಸರು ಮೊದಲು ಬರುವುದು. ಅಕ್ಕ ದುಡ್ಡು ಹಾಕಿದ ಯುಪಿಐ ಹೆಸರುಗಳೂ ಯಾವ ಕಂಪನಿಯದ್ದೂ ಆಗಿರಲಿಲ್ಲ. ಯಾರೋ ಮೂರು ಬೇರೆ ಬೇರೆ ಜನರದ್ದು. ಅವರಲ್ಲೂ ಯಾರೋ "ಮನೆಯಲ್ಲೇ ಕೂತು ಕೆಲಸ" ಅಂತಲೇ ಸಿಕ್ಕಿಕೊಂಡಿರಬಹುದು!

ಸರಿ, ನಕಲಿ ಗೊತ್ತಾಯಿತು. ಅಸಲಿ ಎಲ್ಲಿದೆ? ನನ್ನ ಅಭಿಪ್ರಾಯ ಕೇಳಿದರೆ, "ಮನೆಯಿಂದ ಮಾಡುವ ಕೆಲಸ" ಅಂತ ಹುಡುಕುವುದೇ ತಪ್ಪು. ಹಾಗೆ ಹುಡುಕಿದರೆ ಸಿಗುವುದು ಬಲೆಗಳೇ. ಹುಡುಕಬೇಕಾದ್ದು ಗಿರಾಕಿಯನ್ನು. ನನಗೇನು ಬರುತ್ತದೆ, ಅದು ಯಾರಿಗೆ ಬೇಕು, ಅವರು ಎಲ್ಲಿದ್ದಾರೆ, ಈ ಮೂರು ಪ್ರಶ್ನೆ ಸಾಕು.

ಆ ಶನಿವಾರ ಸಂಜೆ ಅಕ್ಕ ಮತ್ತು ನಾನು ಅವಳ ಮಗಳ ರಫ್ ನೋಟ್‌ಬುಕ್ಕಿನಲ್ಲಿ ಒಂದು ಪಟ್ಟಿ ಮಾಡಿದೆವು. "ನನಗೇನೋ ಬರುತ್ತೆ, ಬರೀ ಬಿ.ಎ." ಅಂದಳು. ಬರೆಯುತ್ತಾ ಹೋದರೆ ಪುಟ ತುಂಬಿತು. ಕುಚ್ಚು, ಅದರಲ್ಲೇ ನಾಲ್ಕು ಬಗೆ. ಫಾಲ್, ಜಿಗ್‌ಜ್ಯಾಗ್. ಬ್ಲೌಸು ಬಿಗಿ ಸಡಿಲ ಮಾಡುವುದು. ಪ್ಯಾಂಟಿನ ಜಿಪ್ ಬದಲಿಸುವುದು. ಚಟ್ನಿಪುಡಿ. ಪ್ರೈಮರಿ ಮಕ್ಕಳಿಗೆ ಕನ್ನಡ, ಗಣಿತ.

ಗಿರಾಕಿ ಎಲ್ಲಿದ್ದಾರೆ? ಊರಿನ ಸೀರೆ ಅಂಗಡಿಗಳಿಗೆ ಫಾಲ್-ಜಿಗ್‌ಜ್ಯಾಗ್ ಮಾಡಿಕೊಡುವವರು ಯಾವಾಗಲೂ ಬೇಕು. ಮದುವೆ ಸೀಸನ್ನಿನಲ್ಲಂತೂ ಸೀರೆ ಕೊಂಡವರು ಎರಡು ದಿನದಲ್ಲಿ ಕೊಡಿ ಅಂತ ಅಂಗಡಿಯವನ ತಲೆ ತಿನ್ನುತ್ತಿರುತ್ತಾರೆ. ಭಾನುವಾರ ಬೆಳಗ್ಗೆ ಅವಳ ಜೊತೆ ಒಂದು ಅಂಗಡಿಗೆ ಹೋದೆವು. ಹೊರಗೆ ನಿಂತು "ನೀನೇ ಮಾತಾಡೋ" ಅಂದಳು. ನಾನು ಮಾತಾಡಲಿಲ್ಲ. ನನ್ನ ಕೆಲಸವೇ ಅವಳು ಹಾಕಿದ ಕುಚ್ಚಿನ ಸೀರೆ ಇದ್ದ ಚೀಲ ಹಿಡಿದು ನಿಲ್ಲುವುದು :-) ಅಂಗಡಿಯವರು ಸೆರಗು ಬಿಡಿಸಿ ನೋಡಿ, ಹತ್ತು ಸೀರೆ ಕೊಟ್ಟು ನೋಡ್ತೀನಿ ಅಂದರು. ಐದು ನಿಮಿಷದ ಮಾತು. ಟೆಲಿಗ್ರಾಂ ಗುಂಪಿನಲ್ಲಿ ಮೂರು ದಿನ ಕಳೆದವಳಿಗೆ ತನ್ನದೇ ಊರಿನ ಅಂಗಡಿಯ ಮೆಟ್ಟಿಲು ಹತ್ತಲು ಆರು ವರ್ಷ ಧೈರ್ಯ ಬಂದಿರಲಿಲ್ಲ.

ಕಷ್ಟವಾದದ್ದು ಅದಲ್ಲ, ಬೆಲೆ ಹೇಳುವುದು. ಒಂದು ಬೇಬಿ ಕುಚ್ಚಿನ ಸೀರೆಗೆ ಎಷ್ಟು ಅಂದರೆ "ನೂರು ತಗೊಂಡ್ರೆ ಸಾಕಲ್ವಾ" ಅಂದಳು. ಕೂರಿಸಿ ಲೆಕ್ಕ ಮಾಡಿದೆವು. ರೇಷ್ಮೆ ದಾರ, ಮಣಿ ಸೇರಿ ಮೂವತ್ತು ರೂಪಾಯಿ. ಸಮಯ ಎರಡೂವರೆ ಗಂಟೆ. ನೂರರಲ್ಲಿ ಮೂವತ್ತು ಹೋದರೆ ಎಪ್ಪತ್ತು. ಎರಡೂವರೆ ಗಂಟೆಗೆ ಎಪ್ಪತ್ತು ಅಂದರೆ ಗಂಟೆಗೆ 28 ರೂಪಾಯಿ. ಕಣ್ಣು ಕೀಲಿಸಿಕೊಂಡು, ಬೆನ್ನು ಬಗ್ಗಿಸಿ ಕೂತದ್ದಕ್ಕೆ! ಇನ್ನೂರೈವತ್ತು ಇಟ್ಟರೆ ಗಂಟೆಗೆ 88 ಆಗುತ್ತದೆ. "ಅಷ್ಟು ಕೇಳಿದ್ರೆ ಯಾರು ಕೊಡ್ತಾರೋ" ಅಂದಳು. ಬೆಂಗಳೂರಿನಲ್ಲಿ ಇದಕ್ಕಿಂತ ಜಾಸ್ತಿ ಕೊಟ್ಟದ್ದನ್ನು ನಾನು ಕಂಡಿದ್ದೇನೆ ಅಂದೆ. ನಂಬಲಿಲ್ಲ.

ಎಲ್ಲರಿಗೂ ಸೂಜಿದಾರ ಬರಬೇಕೆಂದಿಲ್ಲ. ಕೀಬೋರ್ಡು ಬರುವವರಿಗೂ ಮನೆಯಲ್ಲಿ ಮಾಡುವ ನಿಜವಾದ ಕೆಲಸಗಳಿವೆ. ಹಳೆಯ ಪುಸ್ತಕಗಳನ್ನು ಕನ್ನಡದಲ್ಲಿ ಟೈಪ್ ಮಾಡಿಕೊಡುವುದು, ನುಡಿಯಲ್ಲಿದ್ದದ್ದನ್ನು ಯೂನಿಕೋಡಿಗೆ ತಂದು ತಪ್ಪು ತಿದ್ದುವುದು, ಅನುವಾದ, ಸಣ್ಣ ಅಂಗಡಿಗಳ ಟ್ಯಾಲಿ ಲೆಕ್ಕ, ಟ್ಯೂಷನ್. ನೋಡಿ, ಇವೆಲ್ಲ ಮೂರೂ ಪರೀಕ್ಷೆ ಪಾಸಾಗುತ್ತವೆ. ಪ್ರಕಾಶಕರಿಗೆ ಪುಟ ಬೇಕು, ತಪ್ಪಿಲ್ಲದೆ ಟೈಪ್ ಮಾಡುವುದು ಬಂದವರಿಗೆ ಮಾತ್ರ ಬರುತ್ತದೆ, ದುಡ್ಡು ಅವರಿಂದ ನಮಗೆ ಬರುತ್ತದೆ. ದೊಡ್ಡ ಕೆಲಸವಾದರೆ ಐದು ಪುಟ ಮಾಡಿ ಕಳಿಸಿ, ಅದರ ದುಡ್ಡು ಬಂದ ಮೇಲೆ ಮುಂದಿನದ್ದು ಅಂತ ಮೊದಲೇ ಹೇಳಿಬಿಡಿ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಚಟ್ನಿಪುಡಿ, ಸಂಡಿಗೆ ಮಾರುವವರು ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಳ್ಳಬೇಕು. 2011ರ ನಿಯಮಗಳಲ್ಲಿ ಸಣ್ಣ ತಯಾರಕರಿಗೆ ಇದರ ಶುಲ್ಕ ವರ್ಷಕ್ಕೆ ನೂರು ರೂಪಾಯಿ ಅಂತ ಇಟ್ಟರು. ಹದಿನಾಲ್ಕು ಅಂಕಿಯ ನಂಬರು ಕೊಡುತ್ತಾರೆ, ಅದನ್ನು ಪೊಟ್ಟಣದ ಮೇಲೆ ಹಾಕಬೇಕು. ಇದು ಸರ್ಕಾರಕ್ಕೆ ಕಟ್ಟುವ ಶುಲ್ಕ, ಕೆಲಸ ಕೊಡುವವನಿಗಲ್ಲ. ವ್ಯತ್ಯಾಸ ತಿಳಿದಿರಲಿ.

ಕಲಿಯಬೇಕೆಂದಿದ್ದರೆ ಅದಕ್ಕೂ ದುಡ್ಡು ಸುರಿಯಬೇಕಾಗಿಲ್ಲ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಹೆಸರು ಕೇಳಿರುತ್ತೀರಿ. ಊಟ ವಸತಿ ಸಮೇತ ಉಚಿತವಾಗಿ ಸ್ವಉದ್ಯೋಗ ತರಬೇತಿ ಕೊಡುತ್ತಾರೆ. ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆ ಜಿಲ್ಲೆಗಳಲ್ಲಿ ತರಬೇತಿ ಸಂಸ್ಥೆ ನಡೆಸುತ್ತಿವೆ. ಹೊಲಿಗೆ ಅಲ್ಲಿ ಇದ್ದೇ ಇರುತ್ತದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿಯ ದಿನಗಳಿಗೆ 500 ರೂಪಾಯಿಯಂತೆ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಮೇಲೆ ಶೇಕಡಾ 5ರ ಬಡ್ಡಿಗೆ ಸಾಲ ಅಂತ ಆ ಯೋಜನೆಯಲ್ಲಿದೆ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಇದರಲ್ಲಿ ದಿನಕ್ಕೆ ಎರಡು ಸಾವಿರ ಬರುವುದಿಲ್ಲ. ಅಕ್ಕ ದಿನಕ್ಕೆ ಎರಡು ಸೀರೆ ಮುಗಿಸಿದರೆ ಹೆಚ್ಚು, ಅದೂ ಮನೆಗೆಲಸ ಮುಗಿದ ಮೇಲೆ. ಆಷಾಢದಲ್ಲಿ ಕೆಲಸವೇ ಇರುವುದಿಲ್ಲ. ಕೆಲವರು ಸೀರೆ ಒಯ್ದು ದುಡ್ಡು ನಾಳೆ ಅನ್ನುತ್ತಾರೆ. ಹೋದ 17,550 ವಾಪಸ್ ದುಡಿಯಲು ಎಂಬತ್ತು ಸೀರೆ ಬೇಕು. ನಿಜವಾದ ಕೆಲಸದ ಗುರುತೇ ಇದು, ಅದರ ಕಷ್ಟ ಮೊದಲೇ ಕಾಣುತ್ತದೆ. ಸುಳ್ಳು ಕೆಲಸದಲ್ಲಿ ಮೊದಲು ಸುಖ ಕಾಣುತ್ತದೆ.

ಇನ್ನು ನಾವು, ಅಂದರೆ ಮನೆಯವರು. ಮಗಳು, ಸೊಸೆ, ಅತ್ತಿಗೆ ಏನಾದರೂ ಮಾಡಿಕೊಟ್ಟರೆ "ನಮ್ಮವಳೇ ಅಲ್ವಾ" ಅಂತ ಸುಮ್ಮನಾಗುವವರು ನಾವು. ಪ್ರೀತಿಗೆ ಮಾಡಿದ್ದಕ್ಕೆಲ್ಲ ಬಿಲ್ಲು ಹಾಕಿ ಅಂತ ನಾನು ಹೇಳುತ್ತಿಲ್ಲ. ಅಮ್ಮ ಬಡಿಸಿದ ಅನ್ನಕ್ಕೆ ರಶೀದಿ ಕೇಳುವ ಕಾಲ ಬರುವುದೂ ಬೇಡ. ಆದರೆ ಹೊರಗಿನವರಿಂದ ಮಾಡಿಸಿದರೆ ದುಡ್ಡು ಕೊಡುವ ಕೆಲಸವನ್ನು ಮನೆಯವಳಿಂದ ಮಾಡಿಸಿದಾಗಲೂ ದುಡ್ಡು ಕೊಡೋಣ. ಅವಳಿಗೆ ತನ್ನ ಕೈಯ ಬೆಲೆ ಮೊದಲು ಗೊತ್ತಾಗಬೇಕಾದ್ದು ಮನೆಯಲ್ಲೇ. ಅದು ಗೊತ್ತಿದ್ದವಳು ಅಪರಿಚಿತನ ಮೆಸೇಜಿಗೆ ಅಷ್ಟು ಸುಲಭವಾಗಿ ಬೀಳುವುದಿಲ್ಲ ಅಂತ ನನ್ನ ನಂಬಿಕೆ.

ಊರಿಗೆ ಹೋದಾಗ ಅಮ್ಮನಿಗೆ ಇದನ್ನೇ ಹೇಳಿದೆ. "ಮನೆ ಹುಡುಗಿಗೆ ದುಡ್ಡು ಕೊಡೋದಾ? ಏನಂದ್ಕೋತಾಳೆ ಅವ್ಳು?" ಅಂದರು. ಎರಡು ದಿನ ಬಿಟ್ಟು ತಾವೇ ಎರಡು ಸೀರೆ ಕೊಟ್ಟು ಕಳಿಸಿದರು, ಮೇಲೆ ಐನೂರರ ಒಂದು ನೋಟು. ಅಕ್ಕ "ಚಿಕ್ಕಮ್ಮನ ಹತ್ರ ಹೆಂಗೋ ತಗೊಳ್ಳೋದು" ಅಂತ ವಾಪಸ್ ಕೊಟ್ಟಳು. "ಅಮ್ಮ ಸೀರೆ ವಾಪಸ್ ತಗೊಂಡು ಬಾ ಅಂದಿದಾರೆ, ದುಡ್ಡು ತಗೊಳ್ಳದಿದ್ರೆ" ಅಂದೆ. ಸುಳ್ಳೇ ಹೇಳಿದೆ. ನೋಟನ್ನು ಮಡಿಸಿ ಮಿಷನ್ನಿನ ಡ್ರಾಯರಿನಲ್ಲಿಟ್ಟಳು.

ತಂಗಿ ಮದುವೆಯ ಹನ್ನೊಂದು ಸೀರೆಗೆ 2750 ಆಗುತ್ತದೆ ಅಂತ ನಾನೂ ಅವಳ ಫೋನಿಗೆ ಹಾಕಿದ್ದೆ. ಹತ್ತೇ ನಿಮಿಷದಲ್ಲಿ ವಾಪಸ್ ಬಂತು. ಕೆಳಗೊಂದು ಮೆಸೇಜು: "ಹಳೇ ಸಾಲ ಬೇಡ. ನಿಮ್ಮ ಆಫೀಸಿನಲ್ಲಿ ಸೀರೆ ಉಡೋರು ಇಲ್ವಾ? ಕೇಳಿ ನೋಡು."

ಈ ಸಲ ಮೆಸೇಜನ್ನು ನಾಳೆಗೆ ಬಿಡಲಿಲ್ಲ. ನಾಲ್ಕು ಸೀರೆ ಸಿಕ್ಕಿವೆ, ಬ್ಯಾಗಿನಲ್ಲಿವೆ, ಶನಿವಾರದ ರೈಲಿಗೆ ಹೋಗುತ್ತವೆ. ಬೆಲೆ ಒಂದಕ್ಕೆ ಮುನ್ನೂರು ಅಂತ ಹೇಳಿದ್ದಾಳೆ, ಬೆಂಗಳೂರಿನವರಿಗೆ ಐವತ್ತು ಜಾಸ್ತಿಯಂತೆ. ಯಾರೂ ಚೌಕಾಸಿ ಮಾಡಲಿಲ್ಲ.

ನಿಮ್ಮ ಮನೆಯಲ್ಲೂ ಒಬ್ಬಳು ಅಕ್ಕ ಇರುತ್ತಾಳೆ. ಅವಳ ಮೆಸೇಜು ನಿಮ್ಮ ಮೊಬೈಲಿನಲ್ಲಿ ಓದದೆ ಬಿದ್ದಿದೆಯೋ ಏನೋ, ಒಮ್ಮೆ ನೋಡಿ.